ದೇವದೂತನಿಗೆ ಮುಖ ಬರೆಸಬೇಡಿ

ಕಲಾಭವನದ ಮಾನ್ಯ ಆಡಳಿತಾಧಿಕಾರಿಗಳೇ,

ರಾಜಾಜಿನಗರದ ನಿಮ್ಮ ಭವನದ ಎರಡು ಚಿತ್ರಗಳಲ್ಲಿ ಒಂದನ್ನು ಈಗಾಗಲೇ ಹಾಳು ಮಾಡಿಸಿದ್ದೀರಿ. ಇನ್ನೊಂದರ ಸರದಿ ಸೋಮವಾರ. ನಿಮ್ಮ ಪ್ರಕಟಣೆಯಲ್ಲಿ ಇದಕ್ಕೆ ‘ನವೀಕರಣ’ ಎಂದು ಹೆಸರು. ನಾನು ಆಕ್ಷೇಪಿಸಿದಾಗ ನೀವು ನಗುತ್ತಾ ಕೇಳಿದಿರಿ: “ಹೆಂಗಿದ್ರೂ ಕಾಪಿ ತಾನೇ ಸಾರ್? ಒರಿಜಿನಲ್ ಇಟಲೀಲಿ ಇದ್ಯಲ್ಲ?”

ಇಲ್ಲ. ಒರಿಜಿನಲ್ ಎಲ್ಲೂ ಇಲ್ಲ.

ನನ್ನ ಡ್ರಾಯಿಂಗ್ ಮೇಡಂ ಲತಾ ಅವರು ವಿದ್ಯಾರ್ಥಿವೇತನದ ಮೇಲೆ ಇಟಲಿಗೆ ಹೋಗಿದ್ದಾಗ, ಬೆಟ್ಟದೂರಿನ ಚರ್ಚೊಂದರ ಗೋಡೆಯ ಮುಂದೆ ಇಡೀ ಬೇಸಿಗೆ ಕೂತು, ಅದನ್ನು ನೋಡಿ ಈ ಎರಡು ಚಿತ್ರ ಬರೆದರು. ಅದು ರಿನೈಸಾನ್ಸ್ ಕಾಲದವರು ಹಸಿ ಗಾರೆಯ ಮೇಲೆ ಬರೆದ ಗೋಡೆ: ಒಂದು ಕಡೆ ಮಗುವನ್ನೆತ್ತಿಕೊಂಡ ಮೇರಿ, ಇನ್ನೊಂದು ಕಡೆ ಮಂಡಿಯೂರಿದ ದೇವದೂತ. ಮೇರಿಯ ಕೆನ್ನೆಯ ಮೇಲೆ ಬಿರುಕಿತ್ತು. ದೂತನ ಮುಖವಿದ್ದಲ್ಲಿ ಗಾರೆ ಯಾವಾಗಲೋ ಉದುರಿಹೋಗಿತ್ತು. ಮೇಡಂ ಬಿರುಕನ್ನು ಬಿರುಕಾಗಿಯೇ ಬರೆದರು, ಮುಖದ ಜಾಗದಲ್ಲಿ ಬರೀ ಗಾರೆಯ ಬಣ್ಣ ಬಿಟ್ಟರು. ಯಾಕೆಂದು ನಾನು ಕೇಳಿದ್ದಕ್ಕೆ, “ನಾನು ನೋಡದೇ ಇರೋ ಮುಖಾನ ಹೆಂಗೋ ಬರೀಲಿ?” ಎಂದಿದ್ದರು. ಅವರು ಮರಳಿದ ಕೆಲವು ವರ್ಷಗಳಲ್ಲಿ ಭೂಕಂಪವಾಗಿ ಆ ಗೋಡೆ ಬಿತ್ತು. ಉಳಿದದ್ದು ನಾಲ್ಕಾರು ಕಪ್ಪುಬಿಳುಪು ಫೋಟೋ. ಮೇರಿಯ ನಿಲುವಂಗಿಯ ನೀಲಿ ಯಾವ ನೀಲಿ ಎಂದು ಹೇಳಬಲ್ಲದ್ದು ಜಗತ್ತಿನಲ್ಲಿ ನಿಮ್ಮ ಭವನದ ಗೋಡೆ ಮಾತ್ರ. ಈ ಗೌರವ ನಿಮಗೆ ಭಾರವಾಯಿತೇ?

ನಾನು ಆಸ್ತಿಕನಲ್ಲ. ನಕಲು ಮಾಡುವುದರ ಬಗ್ಗೆ ಪ್ರೀತಿಯೂ ಇರಲಿಲ್ಲ. ನನ್ನ ಕ್ಯಾನ್ವಾಸುಗಳಲ್ಲಿ ಬಣ್ಣದ ಪಟ್ಟೆಗಳಷ್ಟೇ ಇರುತ್ತವೆ. ಆದರೆ ನಕಲಿಗೂ ಸುಳ್ಳಿಗೂ ನಡುವೆ ಇರುವ ದೂರ ನನಗೆ ಗೊತ್ತು. ಆ ದೂರವನ್ನು ನೀವು ಒಂದೇ ಮಧ್ಯಾಹ್ನದಲ್ಲಿ ದಾಟಿದಿರಿ.

ನೀವು ಈ ಕೆಲಸಕ್ಕೆ ಕರೆಸಿದ ನಾಯಂಡಹಳ್ಳಿಯ ಬ್ಯಾನರ್ ಕಲಾವಿದ ಭೈರೇಶ್ ಮೇಲೆ ನನಗೆ ಸಿಟ್ಟಿಲ್ಲ. “ಅಣ್ಣ, ಕೆನ್ನೆ ಸೀಳೋಗಿತ್ತು, ನೀಟಾಗಿ ಮುಚ್ಚಿದೀನಿ ನೋಡಿ. ತುಟಿಗೂ ಒಂದ್ ಕೋಟ್ ಕೊಟ್ಟೆ, ಡಲ್ ಹೊಡೀತಿತ್ತು. ಸೋಮ್ವಾರ ಇವ್ನಿಗೂ ಒಳ್ಳೆ ಮುಖ ಇಡ್ತೀನಿ. ಮುಖ ಇಲ್ದಿದ್ರೆ ಉದ್ಘಾಟನೆಗೆ ಬಂದೋರು ನಗಲ್ವಾ ಅಂದ್ರು ಸಾಹೇಬ್ರು,” ಎಂದರು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ನಗುವ ಗುಲಾಬಿ ತುಟಿ ಈಗ ಮೇರಿಯ ಮುಖದಲ್ಲಿದೆ. ಅವರು ತಮಗೆ ಹೇಳಿದ ಕೆಲಸ ಮಾಡಿದರು. ಹೇಳಿದವರು ನೀವು. ಚಿತ್ರ ಬರೆದ ಮೇಡಂ ನಾಲ್ಕೈದು ಬಸ್ ಸ್ಟಾಪ್ ಆಚೆ, ವಿಜಯನಗರದಲ್ಲಿ ಬದುಕಿದ್ದಾರೆ. ಒಂದು ಫೋನ್ ಮಾಡಲು ನಿಮಗೆ ಯಾವ ಮಂಜೂರಾತಿ ಬೇಕಿತ್ತು?

ನಾನೇ ಅವರನ್ನು ಕರೆದುಕೊಂಡು ಬಂದೆ. ಮೇಡಂ ಮೇರಿಯ ಚಿತ್ರದ ಮುಂದೆ ನಿಂತರು. ಚೌಕಟ್ಟಿನ ಕೆಳಗಿನ ಹಿತ್ತಾಳೆ ಫಲಕ ತೋರಿಸಿ, “ಶ್ರೀಶೈಲ, ನನ್ನ ಹೆಸರು ತೆಗೀಬೇಕು ಅಂತ ಅವ್ರಿಗೆ ಹೇಳ್ಬಿಡೋ. ಇದು ನಾನು ನೋಡಿದ್ದಲ್ಲ,” ಎಂದರು. ಆಮೇಲೆ ದೇವದೂತನ ಕಡೆ ತಿರುಗಿ ಕೇಳಿದರು: “ಇವನನ್ನಾದ್ರೂ ಬಿಡ್ತಾರಾ?”

ಆ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದೆ. ಸೋಮವಾರ ಭೈರೇಶ್ ಅವರನ್ನು ಕರೆಸಬೇಡಿ. ಮೇರಿಯ ಮೇಲಿನ ಹೊಸ ಬಣ್ಣವನ್ನು ಬಲ್ಲವರಿಂದ, ಮೇಡಂ ಎದುರಿನಲ್ಲಿ, ತೆಗೆಸಿ. ಇಷ್ಟೂ ಆಗದಿದ್ದರೆ ಮೇಡಂ ಹೇಳಿದ್ದನ್ನೇ ಮಾಡಿ: ಎರಡೂ ಫಲಕಗಳಿಂದ ಅವರ ಹೆಸರು ತೆಗೆಯಿರಿ. ಆ ಜಾಗದಲ್ಲಿ ನಿಮ್ಮ ಹೆಸರು ಹಾಕಿಸಿಕೊಳ್ಳಿ. ಭೈರೇಶ್ ಅಕ್ಷರ ಬಹಳ ಚೆನ್ನಾಗಿ ಬರೆಯುತ್ತಾರೆ.

ಇಂತಿ,
ಮುಖ ಬರೆಯುವುದನ್ನು ಎಂದೋ ಬಿಟ್ಟ ಚಿತ್ರಗಾರ,
ಶ್ರೀಶೈಲ
ಬಸವೇಶ್ವರನಗರ