ಅಮರಮ್ಮ ಹೇಳದ ಹೆಸರು

ಸಿಂಧನೂರು,
ಗುರುವಾರ ಮಧ್ಯಾಹ್ನ

ನನ್ನ ಮುದ್ದು, ಮೊಂಡು ಸುರೇಖಾಗೆ,

ಫೋನ್ ಬಂದ್ ಮಾಡಿಕೊಂಡು ಮಸ್ಕಿಯಲ್ಲಿ ಅವ್ವನ ಸೆರಗು ಹಿಡಿದು ಕೂತಿದ್ದೀಯಂತೆ. ಅದಕ್ಕೇ ನಮ್ಮ ಆಸ್ಪತ್ರೆಯ ಆಯಾ ಕರೀಮಾಬಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಬಾಗಿಲು ಬಿಟ್ಟು ಕದಲಬೇಡ ಎಂದಿದ್ದೇನೆ.

ಅಂಥದ್ದೇನಾಯಿತೇ? ವಾರ್ಡಿನಲ್ಲಿ ಇಬ್ಬರು ಅಮರಮ್ಮ. ರಕ್ತದ ಚೀಲ ಬಂದಿದ್ದು ಹುಸೇನಪ್ಪನ ಹೆಂಡತಿಗೆ. ನೀನು ಇನ್ನೊಬ್ಬ ಅಮರಮ್ಮ, ಆ ಮುಕ್ಕುಂದದ ಅಜ್ಜಿಗೆ ಗಂಡನ ಹೆಸರು ಕೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯ, ಯಜಮಾನ್ರ ಹೆಸರು ಹೆಂಗ ಹೇಳ್ಲಿ ಯವ್ವಾ" ಎಂದು ನಕ್ಕಳು. "ಹುಸೇನಪ್ಪ ಏನ್ರೀ?" ಎಂದು ನೀನೇ ಹೇಳಿಕೊಟ್ಟೆ. ನಾಚಿಕೆಗೆ ಸುಮ್ಮನೆ ತಲೆಯಾಡಿಸಿದಳು. ನೀನು ಚೀಲ ತೂಗುಹಾಕಿದೆ. ಬಿಡುವ ಮುನ್ನ ರಕ್ತದ ಗುಂಪು ಬೇರೆ ಇರುವುದು ನೋಡಿ ನಿಲ್ಲಿಸಿದೆ. ಯಾರೂ ಕಂಡಿರಲಿಲ್ಲ, ನೀನೇ ಹೋಗಿ ಹೇಳಿದೆ. ಮ್ಯಾನೇಜರ್ ಅಜ್ಜಿಯ ಮಂಚದ ಮುಂದೆಯೇ "ನಾಳಿಂದ ಬರಬ್ಯಾಡ" ಎಂದರು.

ಮೈಯೆಲ್ಲ ಉರಿಯಿತು ನನಗೆ. ಎಡವಟ್ಟಾದರೆ "ಯಾರು ಮಾಡಿದ್ದು" ಎಂದು ಎಲ್ಲರೂ ಕೇಳುತ್ತಾರೆ, "ಯಾಕಾತು" ಎಂದು ಒಬ್ಬರೂ ಕೇಳುವುದಿಲ್ಲ. ಹೀಗಾಗಿಯೇ ನಾವೆಲ್ಲ ಬಾಯಿ ಮುಚ್ಚಿಕೊಂಡಿರುವುದು. ದೊಡ್ಡ ಡಾಕ್ಟರ ಮುಂದೆ "ಹೂಂ ಸರ್" ಬಿಟ್ಟು ಬೇರೆ ಮಾತಾಡದ ನಾನು ನಿನ್ನೆ ಮೀಟಿಂಗಿನಲ್ಲಿ ಎದ್ದು ನಿಂತೆ. "ಹೇಳಿದಾಕೀನ್ನ ಕಳಿಸಿದ್ರ ನಾಳೆ ಹೇಳೋರು ಯಾರೂ ಇರಂಗಿಲ್ರೀ ಸರ್. ಆಮ್ಯಾಲ ನಿಮಗ ಸುದ್ದಿ ಹೆಣದ ಜೊತೀಗೇ ಬರತೈತಿ" ಎಂದುಬಿಟ್ಟೆ. ಚಹಾ ತಂದಿದ್ದ ಕರೀಮಾಬಿ ಹಿಂದಿನಿಂದ "ಖರೇ ಐತ್ರಿ!" ಎಂದಳು.

ಡಾಕ್ಟರು "ನಾವು ಕೇಳೋ ಪದ್ಧತೀನ ತಪ್ಪೈತಿ" ಎಂದರು. ಇನ್ನು ಮೇಲೆ ರೋಗಿ ತನ್ನ ಹೆಸರು, ಊರು ತಾನೇ ಹೇಳಬೇಕು, ನಾವು ಹೇಳಿಕೊಡುವಂತಿಲ್ಲ. ರಕ್ತ ಕೊಡುವಾಗ ಇಬ್ಬರು ನರ್ಸು ನೋಡಬೇಕು. ನಿನ್ನ ಕೆಲಸ ನಿನ್ನದೇ. ಮ್ಯಾನೇಜರ್ ಮುಖ ಇನ್ನೂ ಗಂಟಿಕ್ಕಿದೆ, ಸುಳ್ಳೇಕೆ ಹೇಳಲಿ. ಆದರೆ ಲಿಂಗಸುಗೂರಿನ ಶಿವಕುಮಾರಿ ಇವತ್ತು ತಾನಾಗಿಯೇ ಬಂದು, ಸಿರಿಂಜಿಗೆ ಇನ್ಸುಲಿನ್ ಹೆಚ್ಚು ಎಳೆದಿದ್ದೆ, ಚುಚ್ಚುವ ಮೊದಲೇ ನೋಡಿಕೊಂಡೆ ಎಂದಳು. ಯಾರೂ ಬೈಯಲಿಲ್ಲ. ನನಗಂತೂ ಅಳುವೇ ಬಂತು ಕಣೇ. ಅದು ನೀನು ಕೊಟ್ಟ ಧೈರ್ಯ.

ನಾಳೆ ಬೆಳಗಿನ ಬಸ್ಸಿಗೆ ಬಾ.

ನಿನ್ನನ್ನು ಬೈಯಲು ಕಾದಿರುವ ಅಕ್ಕ,
ವಿಜಯಶ್ರೀ

ತಾ.ಕ.: ಇವತ್ತು ಅಜ್ಜಿಗೆ ಆಕೆಯದೇ ಗುಂಪಿನ ರಕ್ತ ಬಂತು. ಹೆಸರು, ಊರು ಕೇಳಿದೆವು, ಹೇಳಿದಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು ಗಂಡನ ಹೆಸರನ್ನೂ ಕಿವಿಯಲ್ಲಿ ಹೇಳಿಬಿಟ್ಟಳು! "ನನ್ನ ನಾಚಿಕೀಗೆ ಆ ಹುಡುಗಿ ಅಳಕೋತ ಹೋತು. ಆಕಿ ಬರ್ಲಿ, ವಾರ್ಡಿಗೆಲ್ಲ ಕೇಳುವಂಗ ಹೇಳ್ತೀನಿ" ಎಂದಳು. ಹುಸೇನಪ್ಪ ಅಲ್ಲವೇ ಅಲ್ಲ. ಏನೆಂದು ನಾನು ಬರೆಯುವುದಿಲ್ಲ, ನೀನೇ ಬಂದು ಕೇಳು.