ಖಾರೀಸರದ ದಿಬ್ಬ ಬಿಡಲಿಲ್ಲ

ಜೈಸಲ್ಮೇರ್ ಕಡೆಯ ಮರಳಿನಿಂದ,
೨೮ ಡಿಸೆಂಬರ್ ೧೯೭೧

ಮದನನ ಅಮ್ಮನಿಗೆ ಖೀಂವಸಿಂಗನ ರಾಮ್ ರಾಮ್.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಸರ ಮಾಡ್ಕೋಬೇಡ. ನನಗೆ ಗಾಯ ಏನೂ ಇಲ್ಲ. ಬರೆಯೋಕೆ ಕೂತರೆ ಕೂತಲ್ಲೇ ಜೊಂಪು ಹತ್ತುತ್ತೆ. ಕಿವಿ ಈಗಲೂ ಗುಂಯ್ ಅನ್ನುತ್ತಿದೆ.

ನಿನ್ನ ತಮ್ಮ ಜೇಠು ಹೇಗೆ ಹೋದ ಅಂತ ಕೇಳಿದ್ದೀಯ. ಸಾವಿನ ತಂತಿಯಲ್ಲಿ ಅದೆಲ್ಲ ಬರೆಯೋದಿಲ್ಲ, ನಾನೇ ಹೇಳಬೇಕು.

ಖಾರೀಸರದ ದಿಬ್ಬದ ಮೇಲೆ ನಾವು ಎಂಬತ್ತು ಜನ. ಒಂಬತ್ತನೇ ತಾರೀಕು ಸಂಜೆ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು, ಗಡಿ ದಾಟಿ ಮೂವತ್ತು ಟ್ಯಾಂಕು ಬರ್ತಿವೆ ಅಂತ. ನಮ್ಮ ಹತ್ತಿರ ಇದ್ದದ್ದು ಜೀಪಿನ ಮೇಲಿನ ಒಂದು ತೋಪು. ಕಪ್ತಾನರು ಎಲ್ಲರನ್ನೂ ಕರೆದು, "ಹಿಂದಕ್ಕೆ ಸರಿಯೋಕೆ ಅಪ್ಪಣೆ ಇದೆ. ನಾನು ಇಲ್ಲೇ ಇರ್ತೀನಿ. ಹೋಗೋರು ಈಗಲೇ ಹೊರಡಿ, ಯಾರೂ ತಪ್ಪು ತಿಳಿಯಲ್ಲ" ಅಂದರು. ಕೊನೆಗೆ ಎಲ್ಲರೂ ಉಳಿದೆವು.

ಬೆಳಗ್ಗೆ ಮಂಜಿನೊಳಗಿಂದ ಟ್ಯಾಂಕುಗಳು ಬಂದವು. ಕಣ್ಣಿಗೆ ಕಾಣೋ ಮೊದಲೇ ಕಾಲಡಿಯ ಮರಳು ಅದುರಿತು. ಗುರಿ ಹಿಡಿಯೋನು ನಾನು, ಗುಂಡು ತುಂಬೋನು ಜೇಠು. ಹತ್ತಿರ ಬರಲಿ ಅಂತ ನಾನು ಕಾಯ್ತಿದ್ದರೆ, "ಏನು ಭಾವ, ಅಕ್ಕನ ಮುಂದೆ ನಿಂತ ಹಾಗೆ ನಿಂತುಬಿಟ್ರಿ? ಹೊಡೀರಿ!" ಅಂದ. ಹೊಡೆದೆ. ಮುಂದಿನದು ದಾರಿಗಡ್ಡ ನಿಂತು ಉರಿಯಿತು. ಸುತ್ತಿ ಬರೋಕೆ ಹೋದ ಟ್ಯಾಂಕುಗಳು ಮೆತ್ತನೆ ಮರಳಲ್ಲಿ ಹೂತುಕೊಂಡವು. ಹೂತಲ್ಲಿಂದಲೇ ಹೊಡೆಯುತ್ತಿದ್ದರು. ಒಂದು ಗುಂಡು ನಮ್ಮ ಪಕ್ಕದಲ್ಲೇ ಬಿತ್ತು. "ಜೇಠು, ಎಷ್ಟುಳಿದಿದೆ?" ಅಂದೆ. ತಿರುಗಿ ನೋಡಿದರೆ ತುಂಬಬೇಕಿದ್ದ ಗುಂಡನ್ನ ಮಗುವಿನ ಹಾಗೆ ಅವುಚಿಕೊಂಡು ಒರಗಿದ್ದ. ಅವನ ಕೈಯಿಂದ ಬಿಡಿಸಿಕೊಂಡು ನಾನೇ ತುಂಬಿದೆ. ಇನ್ನೇನು ಮಾಡಲಿ, ಹೇಳು.

ಹತ್ತು ಗಂಟೆಗೆ ಮಂಜು ಕರಗಿ ನಮ್ಮ ವಿಮಾನಗಳು ಬಂದವು. ಮಧ್ಯಾಹ್ನಕ್ಕೆ ಶತ್ರುಗಳು ಹಿಂದಿರುಗಿದರು. ಮರುದಿನ ದೊಡ್ಡ ಸಾಹೇಬರು ಬಂದು ಬೆನ್ನು ತಟ್ಟಿದರು, ಲಾಡು ಹಂಚಿಸಿದರು. ನನ್ನ ಪಾಲಿನದನ್ನ ಜೇಬಿಗೆ ಹಾಕಿಕೊಂಡೆ, ಇರುವೆ ಹತ್ತಿತು.

ಮದನನಿಗೆ ನನ್ನ ಆಶೀರ್ವಾದ, ನಿನ್ನ ಅಪ್ಪಾಜಿಯ ಪಾದಕ್ಕೆ ನಮಸ್ಕಾರ. ಕರಣಿಮಾತೆ ನಿಮ್ಮನ್ನೆಲ್ಲ ಕಾಯಲಿ.

ನಿನ್ನ,
ಖೀಂವಸಿಂಗ್

ತಾ.ಕ.: ಕಪ್ತಾನರು ಕೇಳಿದಾಗ ಜೇಠು ಹೋಗೋಕೆ ಎದ್ದಿದ್ದ. ಗಂಟು ಹೆಗಲಿಗೇರಿಸಿದ್ದ. ನಾನು ಎಲ್ಲರ ಮುಂದೆ, "ಹೋಗಪ್ಪಾ ಹೋಗು, ಅಕ್ಕನ ಘಾಗ್ರಾ ಉಟ್ಕೊಂಡು ಹೋಗು" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕು ಗಂಟು ಇಳಿಸಿದ. ನನಗೆ ಒಂದು ತಿಂಗಳ ರಜೆ ಸಿಕ್ಕಿದೆ. ನೀನು ಬಾ ಅಂತ ಬರೆದರೆ ಬರ್ತೀನಿ.