ಕಸ ಬಿದ್ದಿಲ್ರಿ

ಘಟಪ್ರಭಾ
೧೨ ಆಗಸ್ಟ್ ೨೦೨೫

ಪ್ರೀತಿಯ ತಮ್ಮಾ ದುಂಡೇಶ,

ಅಕ್ಕನ ಆಶೀರ್ವಾದ. ಆರಾಮ ಇದ್ದೀಯಾ? ಸಾಂಗ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಗ್ಯಾರೇಜಿನ ಚಹಾ ಕುಡಿದೇ ದಿನ ದೂಡುತ್ತೀಯೋ? ಫೋನ್ ಮಾಡಿದರೆ ಎತ್ತುವುದಿಲ್ಲ. ಸಿಟ್ಟಿನಲ್ಲಿ ನೀನು ಥೇಟ್ ಅಪ್ಪನೇ. ಅದಕ್ಕೇ ಈ ಕಾಗದ. ನಿನ್ನ ಮಗಳಿಗೆ ಹಲ್ಲು ಬಂದಿವೆ. ಎತ್ತಿಕೊಂಡರೆ ನನ್ನ ಗಲ್ಲ ಕಚ್ಚುತ್ತಾಳೆ.

ಮೊನ್ನೆ ಗೋಕಾಕದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಿಗೂ ನರ್ಸುಗಳಿಗೂ ಒಟ್ಟಿಗೆ ತರಬೇತಿ ಇತ್ತು. ರೋಗಿಗಳ ಜೊತೆ ಹೇಗೆ ಮಾತಾಡಬೇಕೆಂಬುದೇ ವಿಷಯ. ಎಲ್ಲರೂ ತಮ್ಮ ಅನುಭವವನ್ನು ಕಥೆಯ ಹಾಗೆ ಹೇಳಬೇಕಿತ್ತು. ಮೈಸೂರು ಕಡೆಯ ಒಬ್ಬ ನರ್ಸು ನಗುತ್ತಲೇ ಶುರು ಮಾಡಿದಳು. ಅವಳು ಮೊದಲಿದ್ದ ಹುಕ್ಕೇರಿಯ ಹೆರಿಗೆ ಆಸ್ಪತ್ರೆಗೆ ಒಂದು ಸಂಜೆ ಯಾರೋ ಮುದುಕಿ ಫೋನ್ ಮಾಡಿ, "ಕಸ ಇನ್ನೂ ಬಿದ್ದಿಲ್ರಿ, ಲಗೂನ ಗಾಡಿ ಕಳಸ್ರಿ" ಅಂದಳಂತೆ. ಪಂಚಾಯತಿಗೆ ಮಾಡಬೇಕಾದ ಫೋನು ಇಲ್ಲಿಗೆ ಬಂದಿದೆ ಎಂದುಕೊಂಡು ಇವಳು, "ಗಾಡಿ ಬೆಳಿಗ್ಗೆ ಬರುತ್ತೆ ಅಜ್ಜಿ" ಎಂದು ಇಟ್ಟುಬಿಟ್ಟಳಂತೆ. ಅವಳ ಕಡೆಯವರು ನಕ್ಕರು. ನಮ್ಮ ಆಶಾಗಳು ಯಾರೂ ನಗಲಿಲ್ಲ.

ನನಗೆ ಅವ್ವನ ಮಾತು ನೆನಪಾಯಿತು. ಸುಜಾತಾ ದಿನ ತುಂಬುವ ಮೊದಲೇ ಯಮಕನಮರಡಿಯ ತೋಟದ ಮನೆಯಲ್ಲಿ ಹೆತ್ತು, ರಕ್ತ ನಿಲ್ಲದೆ ಹೋದಳಲ್ಲ, ಅವತ್ತು ಅವ್ವ ಏನೆಂದಿದ್ದಳು? ಫೋನ್ ಮಾಡಿದ್ದೆ, ಗಾಡಿ ಮುಂಜಾನೆ ಬರುತ್ತದೆ ಅಂದರು, ಅದಕ್ಕೇ ಕಾದೆ ಎಂದಲ್ಲವೇ? ಹೆಂಡತಿಯನ್ನು ಕಳೆದುಕೊಂಡ ಸಂಕಟದಲ್ಲಿ ನೀನು ಅದನ್ನು ಸುಳ್ಳೆಂದೆ. "ನೀನ ಕೊಂದಿ" ಎಂದು ಹೇಳಿ ಮನೆ ಬಿಟ್ಟೆ. ಹೆರಿಗೆಯಾದ ಮೇಲೆ ಬೀಳಬೇಕಾದ ಮಾಸಿಗೆ ನಮ್ಮ ಅವ್ವ, ಅವಳ ಅವ್ವ, ಎಲ್ಲರೂ ಕಸ ಎಂದೇ ಅನ್ನುವುದು. ಹೆರಿಗೆ ಆಸ್ಪತ್ರೆಯವರಿಗೇ ಆ ಮಾತು ತಿಳಿಯುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನಾನು ಎದ್ದು ಕಥೆಯ ಉಳಿದರ್ಧ ಹೇಳಿದೆ, ಸುಜಾತಾಳ ಹೆಸರು ಹಿಡಿದೇ ಹೇಳಿದೆ. ಆ ಹುಡುಗಿ ಕುರ್ಚಿಯಲ್ಲಿ ಕುಸಿದು ಅತ್ತಳು. ನನಗೆ ಅವಳ ಮೇಲೆ ಕರುಣೆ ಬರಲಿಲ್ಲ, ಸುಳ್ಳೇಕೆ ಹೇಳಲಿ. ಇನ್ನು ಮುಂದೆ ಹೊಸ ನರ್ಸುಗಳಿಗೆಲ್ಲ ಇದನ್ನು ಹೇಳಬೇಕೆಂದು ಡಾಕ್ಟರು ಕೇಳಿದ್ದಾರೆ. ಹುಕ್ಕೇರಿಗೂ ಮೂಡಲಗಿಗೂ ಹೋಗಿ ಹೇಳುತ್ತೇನೆ. ಆದರೆ ಯಾರಿಗಿಂತ ಮೊದಲು ನೀನು ಕೇಳಬೇಕು. ಅವ್ವ ಸುಳ್ಳು ಹೇಳಿರಲಿಲ್ಲ, ತಮ್ಮಾ.

ನಮ್ಮ ಮನೆಯವರು ನಿನ್ನನ್ನು ನೆನೆಯುತ್ತಾರೆ. ಮೈ ಜೋಪಾನ.

ನಿನ್ನ ಅಕ್ಕ
ದ್ರಾಕ್ಷಾಯಿಣಿ

ತಾ.ಕ.: ಅವ್ವನ ಎದೆಯಲ್ಲಿ ಗಂಟಾಗಿದೆ. ಮುಟ್ಟಿ ನೋಡಿದೆ, ಗಟ್ಟಿಯಾಗಿದೆ. ಗೋಕಾಕದ ಸುದ್ದಿ ಕೇಳಿದ ಮೇಲೆ ಅವಳು ದವಾಖಾನೆಗೆ ಬರಲು ಒಪ್ಪುತ್ತಿಲ್ಲ. "ನನ್ನ ಮಾತಿಂದ ಒಂದು ಜೀವಾ ಹೋಗೇತಿ, ಅಲ್ಲಿ ಇನ್ನ ಬಾಯಿ ತೆಗಿಯೂದಿಲ್ಲ" ಎನ್ನುತ್ತಾಳೆ. ನೀನು ಬಂದು ಅವ್ವಾ ಎಂದು ಕರೆದರೆ ಎದ್ದು ಬಂದಾಳು.